ಬೇಸಿಗೆಯಲ್ಲಿ ಸಾಕುಪ್ರಾಣಿ ಜೊತೆ ಪ್ರಯಾಣ: ಹೊರಡುವ ಮುಂಚಿನಿಂದ ತಲುಪಿದ ಮೇಲಿನವರೆಗೆ

ಕಾರಿನ ಎಸಿ ಹಾಕಿದ ಸ್ವಲ್ಪ ಹೊತ್ತಿಗೇ ಮುಂದಿನ ಸೀಟಲ್ಲಿ ಕೂತವರಿಗೆ ಹಾಯೆನಿಸುತ್ತದೆ. ತಣ್ಣನೆ ಗಾಳಿ ನೇರ ಮುಖಕ್ಕೆ ಬರುತ್ತಿರುತ್ತದಲ್ಲ. ಅದೇ ಹೊತ್ತಿಗೆ ಹಿಂದಿನ ಸೀಟಿನ ಮೇಲೆ, ಪ್ಲಾಸ್ಟಿಕ್ ಕ್ಯಾರಿಯರ್ ಒಳಗೆ ಕೂತ ಬೆಕ್ಕಿನ ಪಾಡೇನು? ಕಿಟಕಿಯಿಂದ ಬಿಸಿಲು ಬೇರೆ ಅದರ ಮೇಲೇ ಬೀಳುತ್ತಿದ್ದರೆ? ಮುಂದಿನ ಸೀಟಿನ ತಂಪು ಅಲ್ಲಿಗೆ ಹೋಗಿ ಮುಟ್ಟುವುದೇ ಇಲ್ಲ. ನಾವು ಎಡವುವುದು ಇಲ್ಲೇ. ನಮಗೆ ಸೆಕೆ ಆಗುತ್ತಿಲ್ಲ ಅಂದರೆ ಅದಕ್ಕೂ ಆಗುತ್ತಿಲ್ಲ ಅಂದುಕೊಂಡುಬಿಡುತ್ತೇವೆ.

ಅದಕ್ಕೇ ಮೊದಲು ಒಂದು ಪುಟ್ಟ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಗೋಡೆಗೆ ನೇತುಹಾಕುವಂಥದ್ದು, ತೇವಾಂಶವನ್ನೂ ತೋರಿಸುವಂಥದ್ದಾದರೆ ಇನ್ನೂ ಒಳ್ಳೆಯದು. ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಕ್ಯಾರಿಯರ್‌ನ ಬಾಗಿಲಿಗೆ, ಪ್ರಾಣಿಯ ಮೂಗಿನ ಮಟ್ಟದಲ್ಲಿ, ಅದರ ಹಲ್ಲಿಗೆ ಸಿಗದ ಹಾಗೆ ಹೊರಗಡೆಯಿಂದ ಕಟ್ಟಿ. ಒಂದು ಸಲ ಹೀಗೆ ಕಟ್ಟಿ ನೋಡಿದವರಿಗೆ ಮುಂದಿನ ಸೀಟಿಗೂ ಹಿಂದಿನ ಪೆಟ್ಟಿಗೆಗೂ ಎಷ್ಟು ಅಂತರ ಅಂತ ಗೊತ್ತಾಗುತ್ತದೆ. ಆಮೇಲೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಅವುಗಳಿಗೆ ನಮಗಿಂತ ಬೇಗ ಸೆಕೆ ಏರುವುದೇಕೆ

ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿ, ಬೆಕ್ಕುಗಳಿಗೆ ಬೆವರು ಬರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಯಲ್ಲಿ, ಅದೂ ತುಸುವೇ. ನಾಯಿ ಮೈ ತಣಿಸಿಕೊಳ್ಳುವುದು ತೇಕುತ್ತಾ. ಬಾಯಿ, ನಾಲಿಗೆ, ಮೂಗಿನೊಳಗಿನ ತೇವ ಆರುವಾಗ ಮೈಯ ಬಿಸಿಯೂ ಅದರ ಜೊತೆ ಹೊರಗೆ ಹೋಗುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಈ ಉಪಾಯ ನಡೆಯುವುದಿಲ್ಲ. ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂತು ತೇಕುವ ನಾಯಿ ತನ್ನ ಉಸಿರಿನಿಂದಲೇ ಆ ಪೆಟ್ಟಿಗೆಯ ಗಾಳಿಗೆ ತೇವ ತುಂಬುತ್ತಿರುತ್ತದೆ. ಇನ್ನೂ ಜೋರಾಗಿ ತೇಕುತ್ತದೆ, ತೇಕುವ ಶ್ರಮಕ್ಕೇ ಮೈ ಇನ್ನಷ್ಟು ಬಿಸಿಯಾಗುತ್ತದೆ.

ಆರೋಗ್ಯವಾಗಿರುವ ನಾಯಿಯ ಮೈ ತಾಪ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. 40 ದಾಟಿದರೆ ಏನೋ ಸರಿಯಿಲ್ಲ ಅಂತ ಅರ್ಥ. 41ಕ್ಕೆ ಹೋದರೆ ಜೀವಕ್ಕೇ ಕುತ್ತು. ಅಂದರೆ ಸಹಜ ಸ್ಥಿತಿಗೂ ಅಪಾಯಕ್ಕೂ ನಡುವೆ ಇರುವುದು ಎರಡೇ ಎರಡು ಡಿಗ್ರಿ.

ಎಲ್ಲ ಪ್ರಾಣಿಗಳಿಗೂ ಅಪಾಯ ಒಂದೇ ತೆರನಲ್ಲ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಶಿಟ್ಜು, ಬಾಕ್ಸರ್‌ನಂಥ ಚಪ್ಪಟೆ ಮೂತಿಯ ನಾಯಿಗಳು ಮತ್ತು ಪರ್ಷಿಯನ್ ಬೆಕ್ಕು ಮೊದಲ ಸಾಲಲ್ಲಿ ಬರುತ್ತವೆ. ಅವುಗಳ ಉಸಿರಿನ ದಾರಿಯೇ ಇಕ್ಕಟ್ಟು. ವಯಸ್ಸಾದವು, ತೀರಾ ಮರಿಗಳು, ತೂಕ ಜಾಸ್ತಿ ಇರುವವು, ಹೃದಯ ಅಥವಾ ಶ್ವಾಸದ ಕಾಯಿಲೆ ಇರುವವು, ದಟ್ಟ ಕೂದಲಿನವು ಆಮೇಲೆ. ವಯಸ್ಸಾದ ಲ್ಯಾಬ್ರಡಾರ್‌ನ ಬೊಗಳುವ ದನಿ ಇತ್ತೀಚೆಗೆ ಬದಲಾಗಿದ್ದರೆ, ಉಸಿರಾಡುವಾಗ ಗೊರಗೊರ ಸದ್ದು ಬರುತ್ತಿದ್ದರೆ, ಪ್ರಯಾಣಕ್ಕೆ ಮುಂಚೆ ಗಂಟಲು ತೋರಿಸಲೇಬೇಕು. ಆ ತಳಿಯಲ್ಲಿ ವಯಸ್ಸಾದ ಮೇಲೆ ಧ್ವನಿಪೆಟ್ಟಿಗೆಯ ಸ್ನಾಯು ಸೋಲುವುದುಂಟು. ತಂಪು ಹೊತ್ತಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಸೆಕೆಯಲ್ಲಿ ಉಸಿರು ಕಟ್ಟಿಸುತ್ತದೆ.

ಮೊದಲ ಪ್ರಶ್ನೆ: ಕರೆದುಕೊಂಡು ಹೋಗಲೇಬೇಕಾ?

ಎರಡು ದಿನದ ಮದುವೆಗೋ ಸುತ್ತಾಟಕ್ಕೋ ಹೊರಟಿದ್ದರೆ, ಮನೆಯಲ್ಲೇ ಬಿಟ್ಟು ಯಾರಿಗಾದರೂ ನೋಡಿಕೊಳ್ಳಲು ಹೇಳುವುದು ವಾಸಿ. ಬೆಕ್ಕುಗಳಿಗಂತೂ ಇದೇ ಇಷ್ಟ. ಮನೆ ಬದಲಾಯಿಸುತ್ತಿದ್ದೀರಿ, ಆಸ್ಪತ್ರೆಗೆ ಒಯ್ಯಬೇಕು, ನೋಡಿಕೊಳ್ಳುವವರು ಯಾರೂ ಇಲ್ಲ ಅಂದಾಗ ಮಾತ್ರ ಮುಂದಿನದ್ದು ಯೋಚಿಸಿ.

ಹೋಗುವುದು ಖಚಿತವಾದರೆ ಒಂದೆರಡು ವಾರ ಮುಂಚೆಯೇ ಪಶುವೈದ್ಯರನ್ನು ಕಂಡು ಬನ್ನಿ. ದಿನಾ ಕೊಡುವ ಮಾತ್ರೆಗಳ ಬಗ್ಗೆ ಅವರಿಗೆ ನೆನಪಿಸಿ. ಹೃದಯದ ಕಾಯಿಲೆಗೆ ಕೊಡುವ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಬೇಸಿಗೆಯಲ್ಲಿ ಮೈಯ ನೀರನ್ನು ಬೇಗ ಬರಿದು ಮಾಡುತ್ತದೆ. ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದ್ದರೆ ಅದಕ್ಕೆ ಬೇರೆಯೇ ಔಷಧಿ ಇದೆ, ಕೇಳಿ ಬರೆಸಿಕೊಳ್ಳಿ. ಜೊಲ್ಲು ಸುರಿಸಿ, ವಾಂತಿ ಮಾಡಿ ಕಳೆದುಕೊಳ್ಳುವ ನೀರೂ ನೀರೇ ತಾನೆ.

ಯಾರೋ ಹೇಳಿದರು ಅಂತ ನಿದ್ದೆ ಮಾತ್ರೆ ಮಾತ್ರ ಕೊಡಬೇಡಿ. ಗಲಾಟೆ ಮಾಡದೆ ಮಲಗಿದರೆ ನಮಗೆ ಸುಲಭ, ನಿಜ. ಆದರೆ ಮಂಪರು ತರಿಸುವ ಕೆಲವು ಔಷಧಿಗಳು ರಕ್ತದೊತ್ತಡ ಇಳಿಸುತ್ತವೆ, ಮೈ ತಾಪವನ್ನು ಹತೋಟಿಯಲ್ಲಿಡುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಸೆಕೆ ಆದರೂ ಒದ್ದಾಡದೆ ಸುಮ್ನೆ ಬಿದ್ದಿರುವ ಪ್ರಾಣಿಯ ಕಷ್ಟ ನಮಗೆ ತಿಳಿಯುವುದಾದರೂ ಹೇಗೆ?

ಕೂದಲು ಬೋಳಿಸುವುದೂ ಬೇಡ. ಹಸ್ಕಿ, ಗೋಲ್ಡನ್ ರಿಟ್ರೀವರ್‌ನಂಥ ಎರಡು ಪದರ ಕೂದಲಿನ ನಾಯಿಗಳಿಗೆ ಮೇಲಿನ ಪದರ ಬಿಸಿಲಿನಿಂದ ರಕ್ಷಣೆ. ಒಳಗಿನ ಸತ್ತ ಕೂದಲನ್ನು ಬಾಚಿ ತೆಗೆಯಿರಿ, ಗಂಟು ಬಿಡಿಸಿ. ಅಷ್ಟು ಸಾಕು.

ಹೊತ್ತು ಮತ್ತು ದಾರಿ

ಬೆಳಗಿನ ಜಾವ ಹೊರಡಿ. ಬಿಸಿಲು ನೆತ್ತಿಗೇರುವ ಮುಂಚೆ ತಲುಪುವ ಹಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ದಾರಿ ದೂರವಿದ್ದರೆ ಎರಡು ಬೆಳಗಿಗೆ ಹಂಚಿಕೊಳ್ಳಿ. ಸಂಜೆ ಹೊರಟರೂ ಆಗಲ್ವಾ ಅಂತ ಹಲವರು ಕೇಳುತ್ತಾರೆ. ಆಗುತ್ತದೆ, ಆದರೆ ಬೆಳಗಿನಷ್ಟು ಒಳ್ಳೆಯದಲ್ಲ. ದಿನವಿಡೀ ಕಾದ ಟಾರು, ಕಾಂಕ್ರೀಟು, ಕಾರಿನ ಸೀಟು ಸೂರ್ಯ ಮುಳುಗಿದ ಮೇಲೂ ಬಿಸಿ ಬಿಡುತ್ತಲೇ ಇರುತ್ತವೆ.

ಹೊರಡುವ ಮುಂಚೆ ನಕ್ಷೆ ತೆರೆದು ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅಂತ ನೋಡಿಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬೆಳಗ್ಗೆ ಉತ್ತರಕ್ಕೆ ಹೋಗುವ ಕಾರಿಗೆ ಬಿಸಿಲು ಬಲಗಡೆಯಿಂದ. ಹಾಗಾದರೆ ಕ್ಯಾರಿಯರ್ ಎಡಗಡೆ ಇರಬೇಕು. ಮಧ್ಯಾಹ್ನದ ಮೇಲೆ ಅದೇ ದಾರಿಯಲ್ಲಿ ಲೆಕ್ಕ ತಿರುಗಾಮುರುಗಾ. ಜೊತೆಗೆ ಪಕ್ಕದ ಕಿಟಕಿಗೆ ಬಿಸಿಲು ಮರೆ ಹಾಕಿ.

ದಾರಿಯಲ್ಲಿ ಎರಡು ಮೂರು ಕಡೆ ಪಶು ಆಸ್ಪತ್ರೆ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ನೋಡಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ನೆಟ್‌ವರ್ಕ್ ಸಿಗದ ಕಡೆ ಫೋನಿನಲ್ಲಿ ಹುಡುಕುವುದು ಆಗದ ಮಾತು. ಕಾರಿನ ಎಸಿಯನ್ನು ವಾರ ಮುಂಚೆ ಪರೀಕ್ಷೆ ಮಾಡಿಸಿ. ಹೊರಡುವ ದಿನ ಎಸಿ ಕೈಕೊಟ್ಟರೆ ಪ್ರಯಾಣವನ್ನೇ ಮುಂದೂಡಿ. ಕಿಟಕಿ ತೆರೆದು ಹೋದರಾಯಿತು ಅನ್ನುವ ಲೆಕ್ಕ ಕಡು ಬೇಸಿಗೆಗೆ ಹೊಂದುವುದಿಲ್ಲ. ಒಳಗೆ ಬೀಸುವ ಗಾಳಿಯೇ 38, 40 ಡಿಗ್ರಿ ಇದ್ದರೆ ಅದು ನಾಯಿಯ ಮೈಯನ್ನು ತಣಿಸುವುದಾದರೂ ಹೇಗೆ?

ಪೆಟ್ಟಿಗೆ ಅಥವಾ ಕ್ಯಾರಿಯರ್

ಅಳತೆ ಮೊದಲು. ಪ್ರಾಣಿ ಒಳಗೆ ಎದ್ದು ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ವಿಮಾನಗಳಿಗೆ ಐಯಾಟಾ (ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ) ಹೇಳುವ ಲೆಕ್ಕ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆಯಿರಿ. ಅದಕ್ಕೆ ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಕೂಡಿಸಿ. ಅದು ಪೆಟ್ಟಿಗೆಯ ಉದ್ದ. ಹೆಗಲಿನ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಅಥವಾ ಕಿವಿಯ ತುದಿ, ಯಾವುದು ಎತ್ತರವೋ ಅದು ಪೆಟ್ಟಿಗೆಯ ಎತ್ತರ. ಚಪ್ಪಟೆ ಮೂತಿಯವಕ್ಕೆ ಇದಕ್ಕಿಂತ ಶೇ. 10ರಷ್ಟು ದೊಡ್ಡದು ಬೇಕು ಅಂತ ಅದೇ ನಿಯಮ ಹೇಳುತ್ತದೆ.

ಗಾಳಿ ಆಡುವ ಕಿಂಡಿ ನಾಲ್ಕೂ ಕಡೆ ಇರಲಿ. ತಂತಿ ಜಾಲರಿಯ ಕ್ರೇಟ್‌ನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಬೆಕ್ಕಿಗೆ ಮರೆ ಇಲ್ಲದಿದ್ದರೆ ಹೆದರಿಕೆ, ಅದಕ್ಕೆ ಬಟ್ಟೆ ಹೊದಿಸಬೇಕು ಅನಿಸುತ್ತದೆ. ಹೊದಿಸಿ, ಆದರೆ ತೆಳುವಾದ ಹತ್ತಿ ಬಟ್ಟೆ, ತಿಳಿ ಬಣ್ಣದ್ದು, ಎರಡು ಕಡೆ ಮಾತ್ರ. ನಾಲ್ಕೂ ಕಡೆ ದಪ್ಪ ಟವೆಲ್ ಮುಚ್ಚಿದರೆ ಅಷ್ಟು ಕಿಂಡಿ ಇದ್ದೂ ದಂಡ.

ಈಗ ಬೆನ್ನಿಗೆ ಹಾಕಿಕೊಳ್ಳುವ, ಮುಂದೆ ಪಾರದರ್ಶಕ ಗುಮ್ಮಟ ಇರುವ ಬ್ಯಾಗುಗಳು ಬಂದಿವೆ. ಬೆಕ್ಕು ಅದರೊಳಗಿಂದ ಇಣುಕುವುದು ಫೋಟೋದಲ್ಲಿ ಚಂದ. ಬಿಸಿಲಲ್ಲಿ ಅದು ಬಾಯಿ ಬಿಗಿದ ಗಾಜಿನ ಭರಣಿ ಇದ್ದ ಹಾಗೆ. ಬೆಳಕು ಒಳಗೆ ಹೋಗುತ್ತದೆ, ಬಿಸಿ ಹೊರಗೆ ಬರುವುದಿಲ್ಲ. ಹಿಂದಿನಿಂದ ನಮ್ಮ ಬೆನ್ನಿನ ಶಾಖ ಬೇರೆ. ನೆರಳಲ್ಲಿ ಸ್ವಲ್ಪ ದೂರ ನಡೆಯಲು ಪರವಾಗಿಲ್ಲ. ಬಿಸಿಲು ಹೊತ್ತಿಗೆ ಖಂಡಿತ ಬೇಡ.

ತಳಕ್ಕೆ ಏನು ಹಾಸಬೇಕು? ಉಣ್ಣೆ, ಫ್ಲೀಸ್, ದಪ್ಪ ದಿಂಬು ಬೇಡ. ತೆಳು ಹತ್ತಿ ಬಟ್ಟೆಯ ಎರಡು ಪದರ ಸಾಕು. ತಂಪಿಗೆ ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ, ಕ್ಯಾರಿಯರ್‌ನ ಒಂದು ಮೂಲೆಯಲ್ಲಿ ಇಡಿ. ಒಂದು ಮೂಲೆಯಲ್ಲಿ ಮಾತ್ರ. ಬೇಕಾದಾಗ ಅದಕ್ಕೆ ಒರಗಲಿ, ಚಳಿ ಅನಿಸಿದರೆ ದೂರ ಸರಿಯಲಿ. ತಳದ ತುಂಬ ಐಸ್ ಹಾಸಿದರೆ ಸರಿಯಲು ಜಾಗವೇ ಇರುವುದಿಲ್ಲ. ಜೆಲ್ ಇರುವ ತಂಪು ಹಾಸು ಸಿಗುತ್ತದೆ. ಕಚ್ಚುವ ಅಭ್ಯಾಸ ಇಲ್ಲದ ಪ್ರಾಣಿಗೆ ಮಾತ್ರ ಅದನ್ನು ಹಾಕಿ. ನೀರಲ್ಲಿ ನೆನೆಸಿ ತೊಡಿಸುವ ತಂಪು ಅಂಗಿ ಒಣ ಹವೆಯಲ್ಲಿ, ಗಾಳಿ ಆಡುವ ಕಡೆ ಕೆಲಸ ಮಾಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಅದರ ನೀರು ಆರುವುದಿಲ್ಲ, ಆರದಿದ್ದರೆ ತಂಪೂ ಇಲ್ಲ. ಪೂರ್ತಿ ಒಣಗಿತೋ, ಮೈಮೇಲೆ ಇನ್ನೊಂದು ಕಂಬಳಿ ಅಷ್ಟೆ.

ಕ್ಯಾರಿಯರ್‌ಗೆ ಸೀಟ್ ಬೆಲ್ಟ್ ಹಾಕಿ ಬಿಗಿಯಿರಿ. ದೊಡ್ಡ ನಾಯಿಯಾದರೆ ಎದೆ, ಹೆಗಲಿಗೆ ಸುತ್ತುವ ಪಟ್ಟಿ (ಹಾರ್ನೆಸ್) ತೊಡಿಸಿ, ಅದನ್ನು ಬೆಲ್ಟಿಗೆ ಸಿಕ್ಕಿಸಿ. ಕತ್ತಿನ ಪಟ್ಟಿಗೆ ಸಿಕ್ಕಿಸಬೇಡಿ. ಬಾಯಿಗೆ ಬಿಗಿಯುವ ಬಟ್ಟೆಯ ಮುಖಗವಸು ಬೇಸಿಗೆಯಲ್ಲಿ ಬೇಡವೇ ಬೇಡ, ಬಾಯಿ ತೆರೆಯಲಾಗದ ನಾಯಿಗೆ ತೇಕಲೂ ಆಗುವುದಿಲ್ಲ. ಕಡ್ಡಾಯವಿದ್ದರೆ ಒಳಗೆ ಬಾಯಿ ಪೂರ್ತಿ ತೆರೆಯಬಹುದಾದ ಬುಟ್ಟಿಯಂಥದ್ದನ್ನು ಹಾಕಿ.

ಊಟ, ನೀರು, ಚೀಲ

ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮುಂಚೆ ಹಗುರವಾಗಿ ತಿನ್ನಿಸಿ. ಹೊಟ್ಟೆ ಭರ್ತಿ ಮಾಡಿದರೆ ವಾಂತಿ. ನೀರನ್ನು ಮಾತ್ರ ತಡೆಯಬೇಡಿ. ಕಾರಿನಲ್ಲಿ ಉಚ್ಚೆ ಹೊಯ್ಯುತ್ತದೆ ಅಂತ ಹಿಂದಿನ ರಾತ್ರಿಯಿಂದಲೇ ನೀರಿನ ಬಟ್ಟಲು ಎತ್ತಿಡುವವರಿದ್ದಾರೆ. ಬಟ್ಟೆ ತೊಳೆದುಕೊಳ್ಳಬಹುದು, ನೀರಿಲ್ಲದೆ ಬಳಲಿದ ಪ್ರಾಣಿ ಚೇತರಿಸಿಕೊಳ್ಳುವುದು ಅಷ್ಟು ಸುಲಭ ಅಲ್ಲ.

ಸಾಮಾನ್ಯ ದಿನದಲ್ಲೇ ನಾಯಿಗೆ ಒಂದು ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. 20 ಕಿಲೋದ ನಾಯಿಗೆ ಒಂದು ಲೀಟರಿಗೂ ಮಿಕ್ಕಿ ಆಯಿತು. ಸೆಕೆಗೆ ಇನ್ನೂ ಜಾಸ್ತಿ. ಅದರ ಎರಡರಷ್ಟು ನೀರು ಜೊತೆಗಿರಲಿ. ಕುಡಿಸಲು ಅಷ್ಟೂ ಖರ್ಚಾಗದಿದ್ದರೂ ಮೈ ಒದ್ದೆ ಮಾಡಲು ಬೇಕಾಗಬಹುದು. ಕೆಲವು ಪ್ರಾಣಿಗಳು ಹೊಸ ನೀರಿನ ವಾಸನೆಗೆ ಮುಖ ತಿರುಗಿಸುತ್ತವೆ, ಹಾಗಾಗಿ ಮನೆಯ ನೀರನ್ನೇ ಒಯ್ಯಿರಿ.

ಚೀಲದಲ್ಲಿ ಇನ್ನೇನು? ಚೆಲ್ಲದ ಬಟ್ಟಲು, ಎರಡು ಮೂರು ಹತ್ತಿ ಟವೆಲ್, ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಬ್ಯಾಟರಿಯಲ್ಲಿ ಓಡುವ ಪುಟ್ಟ ಫ್ಯಾನು, ಗುದದ್ವಾರದಲ್ಲಿ ತಾಪ ನೋಡುವ ಡಿಜಿಟಲ್ ಥರ್ಮಾಮೀಟರ್ ಮತ್ತು ಅದಕ್ಕೆ ಹಚ್ಚಲು ವ್ಯಾಸಲಿನ್, ಲಸಿಕೆ ಪುಸ್ತಕ, ಔಷಧಿ, ಕತ್ತಿನ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್. ಇದನ್ನೆಲ್ಲ ಡಿಕ್ಕಿಯ ತಳಕ್ಕೆ ತುರುಕಬೇಡಿ, ಕೈಗೆ ಸಿಗುವ ಹಾಗಿರಲಿ.

ಕಾರು ತಣ್ಣಗಾದ ಮೇಲೆ ಪ್ರಾಣಿ ಹತ್ತಲಿ

ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದ ತಕ್ಷಣ ಬಡಿಯುವ ಝಳ ನಿಮಗೇ ಗೊತ್ತು. ಮೊದಲು ಎಲ್ಲ ಬಾಗಿಲು ತೆರೆದು ಆ ಗಾಳಿ ಹೊರಗೆ ಹೋಗಲು ಬಿಡಿ. ಆಮೇಲೆ ಎಸಿ ಹಾಕಿ ಹತ್ತು ನಿಮಿಷ ಓಡಿಸಿ. ಸೀಟು, ಬೆಲ್ಟಿನ ಲೋಹದ ಕೊಕ್ಕೆ, ಕ್ರೇಟಿನ ತಂತಿ ಕೈಯಿಂದ ಮುಟ್ಟಿ ನೋಡಿ. ಕ್ಯಾರಿಯರ್‌ನಲ್ಲಿ ಕಟ್ಟಿದ ಥರ್ಮಾಮೀಟರ್ 25 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಪ್ರಾಣಿಯನ್ನು ಹತ್ತಿಸಿ.

ಮನೆ ಬಾಗಿಲಿನಿಂದ ಕಾರಿನವರೆಗಿನ ನಾಲ್ಕು ಹೆಜ್ಜೆಯನ್ನೂ ಮರೆಯಬೇಡಿ. ಗಾಳಿಯ ತಾಪ 31 ಡಿಗ್ರಿ ಇದ್ದಾಗ ಬಿಸಿಲಿಗೆ ಒಡ್ಡಿದ ಟಾರು 60 ದಾಟಬಹುದು. ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಅಷ್ಟು ಹೊತ್ತು ತಡೆದುಕೊಳ್ಳಲು ಆಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬೇಡಿ. ಎತ್ತಿಕೊಳ್ಳಿ, ಇಲ್ಲವೇ ಕಾರನ್ನೇ ನೆರಳಿಗೆ ತನ್ನಿ.

ಡಿಕ್ಕಿಗೆ ಹಾಕುವ ಮಾತೇ ಇಲ್ಲ. ಡಿಕ್ಕಿ ಸೀಟಿನ ಕಡೆಗೆ ತೆರೆದಿರುವ ದೊಡ್ಡ ಕಾರಿನಲ್ಲೂ ಎಸಿ ಗಾಳಿ ಅಲ್ಲಿಯವರೆಗೆ ಹೋಗುತ್ತದಾ ಅಂತ ಥರ್ಮಾಮೀಟರ್ ಇಟ್ಟು ನೋಡಿದ ಮೇಲೆ ಮಾತ್ರ ನಂಬಿ.

ದಾರಿಯಲ್ಲಿ

ಒಂದೂವರೆ, ಎರಡು ಗಂಟೆಗೊಮ್ಮೆ ನೆರಳಲ್ಲಿ ನಿಲ್ಲಿಸಿ. ನೀರು ಸ್ವಲ್ಪ ಸ್ವಲ್ಪ ಕೊಡಿ. ನಾಯಿಯನ್ನು ಬಾಗಿಲು ತೆರೆಯುವ ಮುಂಚೆಯೇ ಹಗ್ಗಕ್ಕೆ ಸಿಕ್ಕಿಸಿ. ಬೆಕ್ಕನ್ನು ಕ್ಯಾರಿಯರ್‌ನಿಂದ ಹೊರಗೆ ತೆಗೆಯುವುದಾದರೆ ಕಾರಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿರಲಿ. ಹೆದರಿ ಓಡಿದ ಬೆಕ್ಕು ಗುರುತಿಲ್ಲದ ಜಾಗದಲ್ಲಿ ಮತ್ತೆ ಸಿಗುವುದು ಕಷ್ಟ.

ನಿಲ್ಲಿಸಿದಾಗಲೆಲ್ಲ ಒಂದು ನಿಮಿಷ ನಿಮ್ಮ ಪ್ರಾಣಿಯ ತುಟಿ ಎತ್ತಿ ವಸಡು ನೋಡಿ. ಆರೋಗ್ಯದ ವಸಡು ನಸುಗೆಂಪಾಗಿ, ಒದ್ದೆಯಾಗಿ, ಜಾರುವ ಹಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಆ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗುತ್ತದೆ. ಬೆರಳಿಗೆ ಅಂಟು ಅಂಟು ಅನಿಸಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಕಡುಗೆಂಪು ಇದ್ದರೆ, ಇಲ್ಲವೇ ಬಿಳಿಚಿಕೊಂಡಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲಲಿ. ಇದನ್ನು ಮನೆಯಲ್ಲಿ, ತಂಪು ಹೊತ್ತಲ್ಲಿ, ನಾಲ್ಕಾರು ಸಲ ನೋಡಿ ರೂಢಿ ಮಾಡಿಕೊಂಡಿರಿ. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು, ಅವಕ್ಕೆ ಕಣ್ಣಿನ ಕೆಳರೆಪ್ಪೆಯ ಒಳಭಾಗದ ಬಣ್ಣ ನೋಡಬೇಕು.

ಇನ್ನು, ನಿಲ್ಲಿಸಿದ ಕಾರು. 'ಎರಡೇ ನಿಮಿಷ, ಬಂದುಬಿಡ್ತೀನಿ' ಅನ್ನುವ ಮಾತಿನಿಂದ ಎಷ್ಟೋ ಪ್ರಾಣಿಗಳು ಸತ್ತಿವೆ. ಹೊರಗೆ ಬರೀ 27 ಡಿಗ್ರಿ ಇದ್ದಾಗ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 37, ಅರ್ಧ ಗಂಟೆಗೆ 45ರ ಸುತ್ತಮುತ್ತ ಆಗಿರುತ್ತದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅಳೆದು ನೋಡಿ 2005ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತ್ತು. ಅದರಲ್ಲಿ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯನ್ನು ಚೂರು ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ನೆರಳನ್ನೂ ನಂಬಬೇಡಿ, ಸೂರ್ಯನ ಜೊತೆ ನೆರಳೂ ಸರಿಯುತ್ತದೆ.

ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ ಹೋದರೆ? ಎಂಜಿನ್ ನಿಂತರೆ ಎಸಿಯೂ ನಿಂತಿತು, ನಿಮಗೆ ಗೊತ್ತಾಗುವುದಿಲ್ಲ. ಒಳಗಿನ ನಾಯಿ ಕಾಲಿಟ್ಟು ಬಟನ್ ಒತ್ತಿಬಿಡಬಹುದು. ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಪ್ರಾಣಿ ಒಳಗಿದ್ದಾಗ ತಂಪು ಕಾಯುವ ವ್ಯವಸ್ಥೆಯೇ ಇದೆ, ಟೆಸ್ಲಾ 2019ರಲ್ಲೇ ಇದನ್ನು ತಂದಿತು. ಅದಿದ್ದರೂ ನನಗೆ ಪೂರ್ತಿ ಧೈರ್ಯವಿಲ್ಲ. ಒಬ್ಬರು ಇಳಿಯಿರಿ, ಒಬ್ಬರು ಜೊತೆಗಿರಿ. ಒಬ್ಬರೇ ಹೊರಟಿದ್ದರೆ, ಊಟವನ್ನು ಕಟ್ಟಿಕೊಂಡೇ ಹೊರಡಿ. ಒಳಗೆ ಬಿಡುವ ಜಾಗವಿದ್ದರೆ ನಾಯಿಯನ್ನು ಜೊತೆಗೇ ಕರೆದೊಯ್ಯಿರಿ.

ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಮೊದಲು ಪ್ರಾಣಿಯನ್ನು ಇಳಿಸಿ ನೆರಳಿಗೆ ಒಯ್ಯಿರಿ, ಆಮೇಲೆ ಬಾನೆಟ್ ಎತ್ತಿ.

ಬೈಕು, ಬಸ್ಸು, ರೈಲು, ವಿಮಾನ

ಬಿಸಿಲಲ್ಲಿ ಬೈಕು, ಸ್ಕೂಟರಿನ ಮೇಲೆ ನಾಯಿಯನ್ನು ಕೂರಿಸಿಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಎಂಜಿನ್ನಿನ ಬಿಸಿ, ಟಾರಿನ ಬಿಸಿ, ನೆತ್ತಿಯ ಬಿಸಿಲು ಮೂರೂ ಒಟ್ಟಿಗೆ. ಜಾರಿ ಬೀಳುವ ಭಯ ಬೇರೆ.

ಬಸ್ಸು, ರೈಲಿನಲ್ಲಿ ಪ್ರಾಣಿ ಎಲ್ಲಿ ಇರುತ್ತದೆ ಅನ್ನುವುದೇ ಮುಖ್ಯ ಪ್ರಶ್ನೆ. ನಿಮ್ಮ ಕಾಲ ಬಳಿಯೋ, ಸಾಮಾನಿನ ಡಬ್ಬಿಯಲ್ಲೋ? ಸಾಮಾನಿನ ಜೊತೆ ಅಂದರೆ ಬೇಸಿಗೆಯಲ್ಲಿ ಆ ಟಿಕೆಟ್ ಬೇಡ. ನಿಯಮ ಕೇಳಿ, ಬರಹದಲ್ಲಿ ಪಡೆದುಕೊಳ್ಳಿ.

ವಿಮಾನದಲ್ಲಿ ಪುಟ್ಟ ಪ್ರಾಣಿಯನ್ನು ನಿಮ್ಮ ಸೀಟಿನ ಕೆಳಗೆ ಇಟ್ಟುಕೊಳ್ಳಲು ಬಿಡುವ ಸಂಸ್ಥೆ ಸಿಕ್ಕರೆ ಅದನ್ನೇ ಆರಿಸಿ. ಕೆಳಗಿನ ಸಾಮಾನು ಕೋಣೆಗೆ ಹಾಕುವುದಾದರೆ, ಹಾರುವಾಗಿನ ತಾಪಕ್ಕಿಂತ ಹಾರುವ ಮುಂಚೆ ನೆಲದ ಮೇಲೆ ಕಾಯುವ ಹೊತ್ತು ಕಷ್ಟದ್ದು. ಕಾಂಕ್ರೀಟಿನ ಮೇಲೆ, ಗಾಡಿಯಲ್ಲಿ, ಸರದಿಗಾಗಿ ಕಾಯಬೇಕು. ಅದಕ್ಕೇ ನೆಲದ ತಾಪ ಸುಮಾರು 29 ಡಿಗ್ರಿ ದಾಟಿದರೆ ಪ್ರಾಣಿಯನ್ನು ಒಪ್ಪಿಕೊಳ್ಳದ ಸಂಸ್ಥೆಗಳಿವೆ. ಚಪ್ಪಟೆ ಮೂತಿಯ ತಳಿಗಳನ್ನು ಹಲವು ಸಂಸ್ಥೆಗಳು ಸಾಮಾನು ಕೋಣೆಗೆ ಹಾಕುವುದೇ ಇಲ್ಲ. ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ನಡುವೆ ವಿಮಾನ ಬದಲಿಸದ ನೇರ ಪ್ರಯಾಣ, ರಾತ್ರಿಯದೋ ನಸುಕಿನದೋ ಬುಕ್ ಮಾಡಿ. ಕ್ರೇಟಿನ ಬಟ್ಟಲಲ್ಲಿ ನೀರನ್ನು ಗಡ್ಡೆಗಟ್ಟಿಸಿ ಇಟ್ಟರೆ ಹತ್ತಿಸುವಾಗ ಚೆಲ್ಲುವುದಿಲ್ಲ, ನಿಧಾನ ಕರಗಿ ಕುಡಿಯಲು ಸಿಗುತ್ತದೆ.

ಮೊಲ, ಹಕ್ಕಿ, ಮೀನು

ನಾಯಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಇವುಗಳ ಬಗ್ಗೆ ಬರೆಯುವವರು ಕಡಿಮೆ, ಸೆಕೆಗೆ ಬೇಗ ಸೋಲುವುದು ಮಾತ್ರ ಇವೇ.

ಮೊಲಕ್ಕೆ ಸರಿಯಾಗಿ ತೇಕಲೂ ಬರುವುದಿಲ್ಲ. ಮೈ ಬಿಸಿ ಬಿಡುವುದು ಕಿವಿಯ ರಕ್ತನಾಳಗಳ ಮೂಲಕ. ಸುತ್ತಲಿನ ತಾಪ 28, 30 ದಾಟಿದರೆ ಅದಕ್ಕೆ ಕಷ್ಟ ಶುರು. ಬಟ್ಟೆ ಸುತ್ತಿದ ಐಸ್ ಬಾಟಲಿ ಇಡಿ, ಕಿವಿಯ ಹೊರಭಾಗಕ್ಕೆ ಆಗಾಗ ತಣ್ಣೀರಿನ ಕೈ ಸವರಿ. ಮೊಲಕ್ಕೆ ಹೊಟ್ಟೆ ಖಾಲಿ ಬಿಡಬಾರದು, ಒಣಹುಲ್ಲು ದಾರಿಯುದ್ದಕ್ಕೂ ಬಾಯಿಗೆ ಸಿಗುವ ಹಾಗಿರಲಿ. ಗಿನಿಪಿಗ್‌ಗೂ ಇದೇ ಮಾತು.

ಹಕ್ಕಿಗೆ ಬೆವರು ಗ್ರಂಥಿಯೇ ಇಲ್ಲ. ಸೆಕೆಯಾದರೆ ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ಕೊಕ್ಕು ತೆರೆದು, ಗಂಟಲನ್ನು ಪಟಪಟ ಅದುರಿಸುತ್ತದೆ. ಆಗಲೇ ತಂಪಿಗೆ ಒಯ್ಯಬೇಕು. ಎಸಿ ಗಾಳಿ ನೇರ ಪಂಜರಕ್ಕೆ ಬೀಸದಿರಲಿ. ಕಾರಿನ ಸುಗಂಧ ಡಬ್ಬಿಯನ್ನು ಹಿಂದಿನ ದಿನವೇ ತೆಗೆದುಬಿಡಿ, ಹಕ್ಕಿಯ ಶ್ವಾಸಕೋಶ ಬಹಳ ಸೂಕ್ಷ್ಮ.

ಮೀನಿಗೆ ಸೆಕೆಯ ತೊಂದರೆ ಬೇರೆ ತರಹ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಜಾಸ್ತಿ. ಒಂದು ದಿನ ಮುಂಚಿನಿಂದ ಆಹಾರ ನಿಲ್ಲಿಸಿ. ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಚೀಲವನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಆಮೆ, ಹಲ್ಲಿ ಜಾತಿಯವು ಬಿಸಿಲು ಕಾಯಿಸುತ್ತವಲ್ಲ, ಅವಕ್ಕೇನು ಅನ್ನಬೇಡಿ. ಬಿಸಿ ಜಾಸ್ತಿಯಾದಾಗ ನೆರಳಿಗೆ ಸರಿಯುವ ಅವಕಾಶ ಅವಕ್ಕೆ ಪೆಟ್ಟಿಗೆಯೊಳಗೆ ಇರುವುದಿಲ್ಲ.

ಸೆಕೆ ಬಡಿದರೆ ಮೊದಲ ಹತ್ತು ನಿಮಿಷ

ಸುಮ್ನೆ ತೇಕುವುದಕ್ಕೂ ಸೆಕೆ ಬಡಿದು ತೇಕುವುದಕ್ಕೂ ವ್ಯತ್ಯಾಸ ಕಾಣುತ್ತದೆ. ನೆರಳಿಗೆ ತಂದು, ನೀರು ಕೊಟ್ಟರೂ ತೇಕುವುದು ನಿಲ್ಲುವುದಿಲ್ಲ. ನಾಲಿಗೆ ಅಗಲವಾಗಿ ಹೊರಗೆ ಜೋತುಬಿದ್ದಿರುತ್ತದೆ. ಜೊಲ್ಲು ಗಟ್ಟಿಯಾಗಿ ದಾರದಂತೆ ಇಳಿಯುತ್ತದೆ. ವಸಡು ಕಡುಗೆಂಪು. ಕರೆದರೆ ನೋಡುವುದಿಲ್ಲ, ನಡೆದರೆ ತೂರಾಡುತ್ತದೆ. ಆಮೇಲೆ ವಾಂತಿ, ರಕ್ತ ಬೆರೆತ ಭೇದಿ, ಸೆಳವು, ಪ್ರಜ್ಞೆ ತಪ್ಪುವುದು. ಬೆಕ್ಕು ಬಾಯಿ ತೆರೆದು ತೇಕುತ್ತಿದ್ದರೆ ಅದನ್ನು ಕಡೆಗಣಿಸಲೇಬೇಡಿ, ಬೆಕ್ಕುಗಳು ಮಾಮೂಲಿಯಾಗಿ ಹಾಗೆ ಮಾಡುವುದಿಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಮಾಡುವ ಕೆಲಸ, ಪ್ರಾಣಿಯನ್ನು ಎತ್ತಿ ಕಾರಿಗೆ ಹಾಕಿ ಆಸ್ಪತ್ರೆಗೆ ಧಾವಿಸುವುದು. ಪಶುವೈದ್ಯರು ಹೇಳುವುದು ಬೇರೆ: ಮೊದಲು ತಣಿಸಿ, ಆಮೇಲೆ ಸಾಗಿಸಿ. ಮೈ ಎಷ್ಟು ಹೊತ್ತು ಬಿಸಿಯಾಗಿರುತ್ತದೋ ಅಷ್ಟು ಹಾನಿ.

ನೆರಳಿಗೆ ಒಯ್ದು ಮೈಗೆ ನೀರು ಸುರಿಯಿರಿ. ಕೂದಲಿನ ಮೇಲೆ ಜಾರಿ ಹೋದರೆ ಸಾಲದು, ಬುಡಕ್ಕೆ ಇಳಿಯಬೇಕು. ಹೊಟ್ಟೆ, ತೊಡೆಯ ಸಂದು, ಕಂಕುಳು, ಅಂಗಾಲು ಎಲ್ಲ ನೆನೆಯಲಿ. ಜೊತೆಗೆ ಗಾಳಿ ಹಾಕುತ್ತಲೇ ಇರಿ. ಫ್ಯಾನು, ಎಸಿ, ರಟ್ಟು, ಏನು ಸಿಕ್ಕರೂ ಸರಿ. ತಣ್ಣೀರು ಹಾಕಿದರೆ ಆಘಾತ ಆಗುತ್ತದೆ ಅಂತ ಹಳೆಯದೊಂದು ಹೆದರಿಕೆ ಇದೆ. ಆ ಹೆದರಿಕೆಯಲ್ಲಿ ತಡ ಮಾಡಬೇಡಿ. ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಆದೀತು. ಗಟ್ಟಿಮುಟ್ಟಾದ, ಎಚ್ಚರವಿರುವ ನಾಯಿಯನ್ನು ತಲೆ ಮೇಲಿರುವಂತೆ ಹಿಡಿದು ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಬಹುದು. ವಯಸ್ಸಾದವು, ಕಾಯಿಲೆಯವು, ಬೆಕ್ಕು, ಮೊಲಗಳಿಗೆ ಮುಳುಗಿಸುವುದು ಬೇಡ, ನೀರು ಮತ್ತು ಗಾಳಿ ಸಾಕು.

ಒದ್ದೆ ಟವೆಲ್ ಹೊದಿಸಿ ಬಿಡಬೇಡಿ. ನೋಡಿದರೆ ಸರಿ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಆ ಟವೆಲ್ ಮೈ ಬಿಸಿಗೆ ಬೆಚ್ಚಗಾಗಿ, ಗಾಳಿಯನ್ನೂ ತಡೆದು, ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ. ಟವೆಲ್ಲನ್ನು ಪ್ರಾಣಿಯ ಕೆಳಗೆ ಹಾಸಿ, ಮೈಮೇಲೆ ಬೇಡ.

ಎಚ್ಚರವಿದ್ದು ತಾನಾಗಿ ಕುಡಿದರೆ ನೀರು ಕೊಡಿ. ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದರೆ ಕಷ್ಟ. ಜ್ವರಕ್ಕೆ ಕೊಡುವ ಮನುಷ್ಯರ ಮಾತ್ರೆ ಬೇಡ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಇಲ್ಲಿ ಅದರಿಂದ ಉಪಯೋಗವೂ ಇಲ್ಲ. ನಡುನಡುವೆ ಗುದದ್ವಾರದ ತಾಪ ನೋಡಿ. 39.5ಕ್ಕೆ ಇಳಿದಾಗ ನೀರು ಹಾಕುವುದು ನಿಲ್ಲಿಸಿ, ಇಲ್ಲದಿದ್ದರೆ ತೀರಾ ಕೆಳಗೆ ಹೋಗಿಬಿಡುತ್ತದೆ. ಈ ಹೊತ್ತಿಗೆ ಇನ್ನೊಬ್ಬರು ಆಸ್ಪತ್ರೆಗೆ ಫೋನ್ ಮಾಡಿರಲಿ. ಕಾರಿನಲ್ಲಿ ಎಸಿ ಪೂರ್ತಿ ಹಾಕಿ, ಒದ್ದೆ ಮೈಗೇ ಗಾಳಿ ಬೀಸುವಂತೆ ಕೂರಿಸಿಕೊಂಡು ಹೊರಡಿ.

ಎದ್ದು ಓಡಾಡಿತು, ಬಾಲ ಆಡಿಸಿತು ಅಂತ ಆಸ್ಪತ್ರೆ ತಪ್ಪಿಸಬೇಡಿ. ಮೂತ್ರಪಿಂಡ, ಪಿತ್ತಜನಕಾಂಗ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ಆದ ಪೆಟ್ಟು ಒಂದರಿಂದ ಮೂರು ದಿನಗಳ ಮೇಲೂ ಕಾಣಿಸಿಕೊಳ್ಳಬಹುದು.

ತಲುಪಿದ ಮೇಲೆ

ಮನೆಯ ತಂಪಾದ ಕೋಣೆಗೆ ಕ್ಯಾರಿಯರ್ ಒಯ್ದು, ಬಾಗಿಲು ತೆರೆದಿಟ್ಟು, ನೀರು ಇಟ್ಟು ಸುಮ್ಮನಿರಿ. ಎಳೆದು ಹೊರಗೆ ತೆಗೆಯಬೇಡಿ. ನಾಯಿಗೆ ಮೊದಲು ಸ್ವಲ್ಪ ನೀರು, ಅರ್ಧ ಗಂಟೆ ಬಿಟ್ಟು ಇನ್ನಷ್ಟು, ಊಟ ಆಮೇಲೆ. ಮೀನಿನ ಚೀಲವನ್ನು ಹೊಸ ತೊಟ್ಟಿಯ ನೀರಿನ ಮೇಲೆ 15, 20 ನಿಮಿಷ ತೇಲಿಬಿಟ್ಟು, ತಾಪ ಸಮವಾದ ಮೇಲೆ ಮೀನನ್ನು ಬಿಡಿ. ತಂಪು ಊರಿನಿಂದ ಬಿಸಿ ಊರಿಗೆ ಬಂದಿದ್ದರೆ ನಾಯಿಯ ಮೈ ಹೊಂದಿಕೊಳ್ಳಲು ವಾರಗಳೇ ಬೇಕು, ಅಲ್ಲಿಯವರೆಗೆ ಮಧ್ಯಾಹ್ನದ ಓಟ, ಆಟ ಇಲ್ಲ.

ಮಾರನೆ ದಿನ ನೀರು ಕುಡಿಯುತ್ತಿದೆಯಾ, ಮೂತ್ರ ಎಂದಿನಷ್ಟು ಬರುತ್ತಿದೆಯಾ ನೋಡಿ. ಮೂತ್ರ ಕಡಿಮೆಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಮೈಮೇಲೆ ಕೆಂಪು ಚುಕ್ಕೆ ಕಂಡರೆ, ನಾಯಿ ಬೆಕ್ಕು ಒಂದು ದಿನ ಪೂರ್ತಿ ಊಟ ಮುಟ್ಟದಿದ್ದರೆ ಡಾಕ್ಟರಿಗೆ ತೋರಿಸಿ. ಮೊಲ ಅರ್ಧ ದಿನ ತಿನ್ನದಿದ್ದರೂ ಅದು ತುರ್ತೇ. ಬೆಳಗಾಗಲಿ ಅಂತ ಕಾಯಬೇಡಿ.